ಹಾರ್ಡ್ ಡಿಸ್ಕಿಗೆ ಹುಣಿ ಕಟ್ಟಿದ ಕಥೆ

ಸಿ ಡ್ರೈವ್, ಡಿ ಡ್ರೈವ್ ಎಂದು ನಮ್ಮ ಮಕ್ಕಳು ದಿನಾ ಹೇಳುತ್ತಾರೆ. ಡಿಸ್ಕನ್ನು ಪಾಲು ಮಾಡುವ ಈ ಕ್ರಮ ಎಲ್ಲಿಂದ ಬಂತು? ಅದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು? ಇತಿಹಾಸ ನೋಡಿದರೆ ಎರಡಕ್ಕೂ ಉತ್ತರ ಸಿಗುತ್ತದೆ.

1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿಯ ಹಾರ್ಡ್ ಡಿಸ್ಕ್ ಬರೀ 10 ಎಂಬಿ. ಅದರೊಂದಿಗಿದ್ದ ಡಾಸ್ 2.0ರಲ್ಲಿ ಎಫ್‌ಡಿಸ್ಕ್ ಎಂಬ ಪ್ರೋಗ್ರಾಂ ಇತ್ತು. ಗದ್ದೆಗೆ ಹುಣಿ ಕಟ್ಟಿದ ಹಾಗೆ ಡಿಸ್ಕನ್ನು ಭಾಗ ಮಾಡುವುದು ಅದರ ಕೆಲಸ. ಒಂದೇ ಡಿಸ್ಕಿನಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂ ಇಡಲು ಇದು ಬೇಕಿತ್ತು. ಆಮೇಲೆ ಡಿಸ್ಕುಗಳು ದೊಡ್ಡದಾದವು. ಆದರೆ ಆಗಿನ ಡಾಸ್‌ನಲ್ಲಿ ಒಂದು ಪಾಲು 32 ಎಂಬಿ ಮೀರುವಂತಿರಲಿಲ್ಲ. ಹಾಗಾಗಿ 1987ರ ಡಾಸ್ 3.3ರಲ್ಲಿ ಒಂದು ಡಿಸ್ಕಿಗೆ ಹಲವು ಡ್ರೈವ್ ಮಾಡುವ ಅವಕಾಶ ಬಂತು.

ಎಫ್‌ಡಿಸ್ಕಿನಲ್ಲಿ ಒಂದು ತೊಂದರೆ: ಹುಣಿ ಬದಲಿಸಬೇಕಾದರೆ ಒಳಗಿನ ಬೆಳೆಯೆಲ್ಲ ಹೋಗುತ್ತಿತ್ತು. ಫೈಲು ಅಳಿಸದೆ ಹುಣಿ ಸರಿಸಲು 1990ರ ದಶಕದಲ್ಲಿ ಪವರ್‌ಕ್ವೆಸ್ಟ್ ಕಂಪೆನಿಯ ಪಾರ್ಟಿಶನ್ ಮ್ಯಾಜಿಕ್ ಬಂತು. 2003ರಲ್ಲಿ ಆ ಕಂಪೆನಿಯನ್ನು ಸಿಮ್ಯಾಂಟೆಕ್ ಕೊಂಡಿತು. ಮುಂದೆ ಆ ಸಾಫ್ಟ್‌ವೇರ್ ನಿಂತೇಹೋಯಿತು. 2004ರಲ್ಲಿ ಆರಂಭವಾದ ಜಿಪಾರ್ಟೆಡ್ ಮಾತ್ರ ಇಂದಿಗೂ ಉಚಿತವಾಗಿ ಸಿಗುತ್ತದೆ. 2007ರ ವಿಸ್ಟಾದಿಂದ ಈಚೆಗೆ ವಿಂಡೋಸ್‌ನಲ್ಲೇ ಪಾಲನ್ನು ಕುಗ್ಗಿಸಬಹುದು.

ಇನ್ನು ಡಿಫ್ರಾಗ್. ಫೈಲನ್ನು ಅಳಿಸಿ ಅಳಿಸಿ ಬರೆದಾಗ ಹೊಸ ಫೈಲು ಚೂರುಚೂರಾಗಿ ಖಾಲಿ ಜಾಗಗಳಲ್ಲಿ ಕೂರುತ್ತದೆ. ಡಿಸ್ಕಿನ ಮುಳ್ಳು ಅಲ್ಲಿಗೂ ಇಲ್ಲಿಗೂ ಓಡಬೇಕು, ಕಂಪ್ಯೂಟರ್ ನಿಧಾನವಾಗುತ್ತದೆ. ಚೂರುಗಳನ್ನು ಒಟ್ಟಿಗೆ ಜೋಡಿಸಲು ನಾರ್ಟನ್ ಸ್ಪೀಡ್ ಡಿಸ್ಕ್ ಇತ್ತು. 1993ರ ಎಂಎಸ್-ಡಾಸ್ 6ರಲ್ಲಿದ್ದ ಡಿಫ್ರಾಗ್ ಕೂಡ ಸಿಮ್ಯಾಂಟೆಕ್‌ನಿಂದ ಪಡೆದದ್ದೇ. ವಿಸ್ಟಾದಲ್ಲಿ ಅದು ತಾನಾಗಿಯೇ ವಾರಕ್ಕೊಮ್ಮೆ ನಡೆಯತೊಡಗಿತು.

ಈಗಿನ ಎಸ್‌ಎಸ್‌ಡಿಯಲ್ಲಿ ಓಡುವ ಮುಳ್ಳೇ ಇಲ್ಲ. ಅದಕ್ಕೆ ಡಿಫ್ರಾಗ್ ಮಾಡಿದರೆ ಲಾಭವಿಲ್ಲ, ಸುಮ್ಮನೆ ಸವೆತ. ಲಿನಕ್ಸಿನ ಎಕ್ಸ್‌ಟಿ4 ಫೈಲುಗಳನ್ನು ಆದಷ್ಟು ಒಟ್ಟಿಗೇ ಇಡುತ್ತದೆ. 2001ರ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಕೇರಳದ ಶಾಲೆಗಳು ಕ್ರಮೇಣ ಲಿನಕ್ಸಿಗೆ ಬಂದವು. ಆದ್ದರಿಂದ ಕಾಸರಗೋಡಿನ ನಮ್ಮ ಲ್ಯಾಬುಗಳಲ್ಲಿ ಡಿಫ್ರಾಗಿನ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ತಿರುಗುವ ಹಳೆಯ ಡಿಸ್ಕಿಗೆ ವಿಂಡೋಸ್‌ನದ್ದೇ ಡಿಫ್ರಾಗ್ ಸಾಕು. ಪಾಲು ಮಾಡಲು ಜಿಪಾರ್ಟೆಡ್ ಸಾಕು. ಹಣ ಕೊಟ್ಟು ಕೊಳ್ಳಬೇಕಾದ್ದು ಏನೂ ಇಲ್ಲ.

ಆದರೆ ಒಂದು ಮಾತು. ಹುಣಿ ಸರಿಸುತ್ತಿರುವಾಗ ಕರೆಂಟು ಹೋದರೆ ಯಾವ ಸಾಫ್ಟ್‌ವೇರೂ ಕಾಪಾಡದು. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ! ಮಕ್ಕಳು ಟೈಪ್ ಮಾಡಿದ ಕನ್ನಡ ಕಥೆ, ಶಾಲಾ ಪತ್ರಿಕೆ, ವಾರ್ಷಿಕೋತ್ಸವದ ಫೋಟೋ ಎಷ್ಟೋ ಕಡೆ ಒಂದೇ ಕಂಪ್ಯೂಟರಿನಲ್ಲಿರುತ್ತವೆ. ಗಡಿಯಾಚೆಯ ಕನ್ನಡ ಶಾಲೆಯ ಈ ದಾಖಲೆ ಬೇರೆಲ್ಲೂ ಸಿಗುವುದಿಲ್ಲ. ಮೊದಲು ಅವನ್ನು ಪೆನ್‌ಡ್ರೈವಿಗೋ ಇನ್ನೊಂದು ಡಿಸ್ಕಿಗೋ ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಡಿಸ್ಕಿಗೆ ಕೈ ಹಾಕಿ.