ಬಸ್ಸಿನ ಹಾದಿಗೆ ಎಷ್ಟು ಪಾಲುದಾರರು?

ಬಸ್ಸಿಗೆಂದೇ ಗೆರೆ ಎಳೆದು ಕಾದಿರಿಸಿದ ಹಾದಿಯಲ್ಲಿ ಸೈಕಲ್ಲಿಗೇನು ಕೆಲಸ? ಲಂಡನ್ ನಗರದಲ್ಲಿ ಇದು ಹಳೆಯ ಪ್ರಶ್ನೆ.

ಕಾರುಗಳ ದಟ್ಟಣೆಯಲ್ಲಿ ಬಸ್ಸುಗಳು ಸಿಕ್ಕಿಬೀಳತೊಡಗಿದಾಗ, 1968ರಲ್ಲಿ ವಾಕ್ಸ್‌ಹಾಲ್ ಸೇತುವೆಯ ಮೇಲೆ ಅಲ್ಲಿನ ಮೊದಲ ಬಸ್ ಪಥ ಬಂತು. ಮುಂದೆ ಇಂಥ ಬಹುಪಾಲು ಪಥಗಳಲ್ಲಿ ಸೈಕಲ್ಲಿಗೂ ಕಪ್ಪು ಟ್ಯಾಕ್ಸಿಗೂ ಪ್ರವೇಶ ದೊರೆಯಿತು. ಕಾರು, ಲಾರಿಗಳ ನಡುವೆ ನುಸುಳುವುದಕ್ಕಿಂತ ಬಸ್ಸಿನ ನೆರೆಯೇ ವಾಸಿ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಆದರೆ ಈ ಸಹವಾಸ ಅಷ್ಟು ಸಲೀಸಲ್ಲ. ನಿಲ್ದಾಣದಲ್ಲಿ ನಿಂತ ಬಸ್ಸನ್ನು ಸೈಕಲ್ ಹಿಂದಿಕ್ಕುತ್ತದೆ. ಹೊರಟ ಬಸ್ಸು ಮತ್ತೆ ಸೈಕಲ್ಲನ್ನು ಹಿಂದಿಕ್ಕುತ್ತದೆ. ಆದ್ದರಿಂದ ಇಂಥ ಪಥ ಕನಿಷ್ಠ 4 ಮೀಟರ್, ಸಾಧ್ಯವಾದರೆ 4.5 ಮೀಟರ್ ಅಗಲವಿರಬೇಕೆಂದು ಬ್ರಿಟಿಷ್ ಸರ್ಕಾರದ 2020ರ ಮಾರ್ಗಸೂಚಿ ಹೇಳುತ್ತದೆ.

ಇವರ ನಡುವೆ ಮೋಟಾರ್ ಸೈಕಲ್ಲೂ ಬಂತು. 2009ರ ಜನವರಿಯಲ್ಲಿ ಲಂಡನ್ ಸಾರಿಗೆ ಸಂಸ್ಥೆ ತನ್ನ ಮುಖ್ಯರಸ್ತೆಗಳ ಹೆಚ್ಚಿನ ಬಸ್ ಪಥಗಳಲ್ಲಿ ಅದಕ್ಕೆ ಪ್ರಾಯೋಗಿಕ ಅನುಮತಿ ನೀಡಿತು. ವೇಗದ ವಾಹನ ಹಿಂದಿನಿಂದ ನುಗ್ಗುವ ಅಪಾಯವಿದೆಯೆಂದು ಸೈಕಲ್ ಸಂಘಟನೆಗಳು ವಿರೋಧಿಸಿದವು. 2010ರಲ್ಲಿ ಎರಡನೇ ಪ್ರಯೋಗ ನಡೆಯಿತು. ವೇಗ ಮಿತಿ ಮೀರುವವರ ಮೇಲೆ ಪೊಲೀಸರು ಹೆಚ್ಚಿನ ಕಣ್ಣಿಟ್ಟರು. 2012ರಲ್ಲಿ ಅನುಮತಿ ಕಾಯಂ ಆಯಿತು.

ಆದರೂ ಈ ಸಂಸ್ಥೆಯ ಕೈಯಲ್ಲಿರುವುದು ನಗರದ ಶೇ. 5ರಷ್ಟು ರಸ್ತೆಗಳು ಮಾತ್ರ. ಉಳಿದವುಗಳಲ್ಲಿ ಬಹುಪಾಲು ಸ್ಥಳೀಯ ಆಡಳಿತಗಳಿಗೆ ಸೇರಿದ್ದು, ಅಲ್ಲಿನ ತೀರ್ಮಾನ ಅವುಗಳದೇ. ಹೀಗಾಗಿ ಒಂದು ಬೀದಿಯಲ್ಲಿ ಮೋಟಾರ್ ಸೈಕಲ್ಲಿಗೆ ತೆರೆದ ಪಥ ಪಕ್ಕದ ಬೀದಿಯಲ್ಲಿ ಮುಚ್ಚಿರಬಹುದು.

2016ರಲ್ಲಿ ಥೇಮ್ಸ್ ನದಿಯ ದಂಡೆಯುದ್ದಕ್ಕೂ ಸೈಕಲ್ಲಿಗಾಗಿಯೇ ಬೇರ್ಪಡಿಸಿದ ಹಾದಿ ತೆರೆಯಿತು. ಅಷ್ಟು ಜಾಗವಿಲ್ಲದ ಬೀದಿಗಳಲ್ಲಿ ಸವಾರರಿಗೆ ಬಸ್ ಪಥವೇ ಗತಿ. ಅದರಲ್ಲಿ ಜೊತೆಗಾರರು ಯಾರೆಂಬುದನ್ನು ರಸ್ತೆಬದಿಯ ನೀಲಿ ಫಲಕ ನೋಡಿಯೇ ತಿಳಿಯಬೇಕು.