ಸೊಂಟದ ಮುರಿತ: ಅಕ್ಕನ ಪಾಡು, ಭಾವನ ಪಾಡು

ಜಯನಗರದ ನಮ್ಮ ಉದ್ಯಾನಕ್ಕೆ ಸಂಜೆಯ ಹೊತ್ತು ವಾಕರ್ ಹಿಡಿದು ಬರುವ ಹಿರಿಯರಲ್ಲಿ ಹೆಂಗಸರೇ ಹೆಚ್ಚು. ಸೊಂಟ ಮುರಿಯುವುದು ಮುದುಕಿಯರ ಪಾಡೆಂದು ನಾನೂ ಬಹುಕಾಲ ನಂಬಿದ್ದೆ. ನನ್ನ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು, ಕೃತಕ ಕೀಲು ಹಾಕಿಸಿಕೊಂಡು, ಆರು ತಿಂಗಳಲ್ಲಿ ಅಡಿಗೆಮನೆಗೆ ಮರಳಿದಳು. ಎರಡು ವರ್ಷದ ಮೇಲೆ ಭಾವನವರೂ ಹಾಗೆಯೇ ಬಿದ್ದರು. ಅವರಿಗೂ ಅದೇ ಶಸ್ತ್ರಚಿಕಿತ್ಸೆಯಾಯಿತು. ಮೂರನೆಯ ವಾರ ನ್ಯುಮೋನಿಯ ತಗಲಿ ತೀರಿಕೊಂಡರು. ಒಂದೇ ಮುರಿತಕ್ಕೆ ಹೀಗೆ ಎರಡು ಗತಿ ಏಕೆಂದು ಅಂದಿನಿಂದ ಹುಡುಕಿ ಓದತೊಡಗಿದೆ.

ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರನು 1822ರ ತನ್ನ ಗ್ರಂಥದಲ್ಲಿ, ತೊಡೆಯೆಲುಬಿನ ಕತ್ತು ಕೀಲಿನ ಒಳಗೇ ಮುರಿದರೆ ಮೇಲಿನ ಗುಂಡಿಗೆ ರಕ್ತ ಸಾಲದೆ ಎಲುಬು ಕೂಡುವುದು ಕಷ್ಟವೆಂದು ವಿವರಿಸಿದನು. ಈ ಮುರಿತ ಹೆಂಗಸರಲ್ಲಿ ಹೆಚ್ಚೆಂದೂ ಬರೆದನು. 1941ರಲ್ಲಿ ಅಮೆರಿಕದ ಫುಲ್ಲರ್ ಆಲ್‌ಬ್ರೈಟನು ಮುಟ್ಟು ನಿಂತ ಮೇಲೆ ಎಲುಬು ಟೊಳ್ಳಾಗುವ ಬಗೆಯನ್ನು ವಿವರಿಸಿದಾಗ ಆ ಮಾತಿಗೆ ಇನ್ನಷ್ಟು ಬಲ ಬಂತು. ಸೊಂಟದ ಮುರಿತವೆಂದರೆ ಹೆಂಗಸರ ಕಾಯಿಲೆ ಎಂಬ ಎಣಿಕೆ ನೆಲೆಯೂರಿತು.

ಇತ್ತ ಲೋಹದ ಕೀಲಿನ ಕಥೆಯೂ ಸಾಗಿತ್ತು. 1940ರಲ್ಲಿ ಅಮೆರಿಕದ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್‌ಮನ್ ತೊಡೆಯೆಲುಬಿನ ಮೇಲ್ಭಾಗಕ್ಕೆ ಬದಲಾಗಿ ಲೋಹದ ಭಾಗವನ್ನು ಕೂಡಿಸಿದರು. ಆ ರೋಗಿ ಗಂಡಸು. ಅವನಿಗಿದ್ದದ್ದು ಎಲುಬಿನ ಗಡ್ಡೆ. 1948ರಲ್ಲಿ ನಮ್ಮ ಜಯನಗರಕ್ಕೆ ರಾಜಾಜಿಯವರು ಶಂಕುಸ್ಥಾಪನೆ ಮಾಡಿದಾಗ, ಸೊಂಟ ಮುರಿದವರಿಗೆ ಇಲ್ಲಿನ ಬಹುಪಾಲು ಮನೆಗಳಲ್ಲಿ ಹಾಸಿಗೆಯೇ ಗತಿಯಾಗಿತ್ತು. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಲೋಹದ ಗುಂಡಿಗೆ ಪಾಲಿಥೀನ್ ಬಟ್ಟಲನ್ನು ಜೋಡಿಸಿದ ಮೇಲೆ ಪೂರ್ಣ ಕೀಲುಬದಲಿಗೆ ಭದ್ರವಾದ ನೆಲೆ ಸಿಕ್ಕಿತು. ಮುರಿತಕ್ಕಾದರೆ ಇಂದಿಗೂ ಹಲವು ವೃದ್ಧರಿಗೆ ಗುಂಡಿಯನ್ನು ಮಾತ್ರ ಬದಲಿಸುವುದುಂಟು. ಅಕ್ಕನಿಗೂ ಭಾವನವರಿಗೂ ಮಾಡಿದ್ದು ಅದನ್ನೇ.

ಮುರಿದವರನ್ನು ಎಣಿಸಿದ್ದಾಯಿತು, ಆಮೇಲೆ ಉಳಿದವರೆಷ್ಟು? 2003ರಲ್ಲಿ ಬಾಲ್ಟಿಮೋರ್ ಸೀಮೆಯ ರೋಗಿಗಳ ಅಧ್ಯಯನವೊಂದು, ಸೊಂಟ ಮುರಿದ ಗಂಡಸರು ಹೆಂಗಸರಿಗಿಂತ ಹೆಚ್ಚಾಗಿ ಸಾಯುತ್ತಾರೆಂದೂ, ನ್ಯುಮೋನಿಯ, ರಕ್ತದ ನಂಜು ಮೊದಲಾದ ಸೋಂಕುಗಳೇ ಅದಕ್ಕೆ ಮುಖ್ಯ ಕಾರಣವೆಂದೂ ತೋರಿಸಿತು. ಓದುವಾಗ ಭಾವನವರ ಮುಖ ಕಣ್ಣೆದುರು ನಿಂತಿತು. 2005ರ ನ್ಯೂಯಾರ್ಕಿನ ಅಧ್ಯಯನದಲ್ಲಿ ಗಂಡಸರು ಆಸ್ಪತ್ರೆಗೆ ಬರುವಾಗಲೇ ಹೆಚ್ಚು ಕಾಯಿಲೆ ಹೊತ್ತಿದ್ದರು. ಅದನ್ನು ಲೆಕ್ಕದಲ್ಲಿ ಸರಿದೂಗಿಸಿದರೂ ಅಂತರ ಅಳಿಯಲಿಲ್ಲ. 2010ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೊದಲ ಮೂರು ತಿಂಗಳಲ್ಲಿ ಸಾವಿನ ಅಪಾಯ, ಮುರಿಯದವರಿಗೆ ಹೋಲಿಸಿದರೆ, ಹೆಂಗಸರಲ್ಲಿ ಐದು ಪಟ್ಟಿಗೂ ಮಿಕ್ಕು, ಗಂಡಸರಲ್ಲಿ ಸುಮಾರು ಎಂಟು ಪಟ್ಟು.

ನಮ್ಮ ದೇಶದಲ್ಲಿ ಗಂಡಸರ ಪಾಲು ಕಡಿಮೆಯೇನಲ್ಲ. ಹರಿಯಾಣದ ರೋಹ್ತಕ್‌ನಲ್ಲಿ ಎಣಿಸಿದಾಗ, ಐವತ್ತು ದಾಟಿದ ಲಕ್ಷ ಜನಕ್ಕೆ ವರ್ಷಕ್ಕೆ ಹೆಂಗಸರಲ್ಲಿ 159, ಗಂಡಸರಲ್ಲಿ 105 ಮುರಿತಗಳು ಕಂಡುಬಂದವು.

ಅಕ್ಕನ ಎಲುಬಿನ ಗಟ್ಟಿತನವನ್ನು ವೈದ್ಯರು ಹಿಂದೆಯೇ ಪರೀಕ್ಷಿಸಿದ್ದರು. ಭಾವನವರ ಎಲುಬಿನ ಗೊಡವೆಗೆ ಮನೆಯವರಾದ ನಾವೂ ಹೋಗಲಿಲ್ಲ, ಅವರೂ ಕೇಳಲಿಲ್ಲ. ಎಣಿಕೆಯ ಮೊದಲ ಅರ್ಧವನ್ನಷ್ಟೇ ಓದಿ ಪುಸ್ತಕ ಮುಚ್ಚಿದವರು ನಾವು. ಈಗ ಉದ್ಯಾನದ ಬೆಂಚಿನಲ್ಲಿ ಗೆಳೆಯರು ರಕ್ತದೊತ್ತಡದ ಮಾತೆತ್ತಿದರೆ ನಾನು ಎಲುಬಿನ ಮಾತನ್ನೂ ಸೇರಿಸುತ್ತೇನೆ. ಅವರು ನಗುತ್ತಾರೆ. ಅಕ್ಕ ಮಾತ್ರ ನಗುವುದಿಲ್ಲ.