ಗಿರಿಧಾಮದ ಹಾದಿಯಲ್ಲಿ

ಎರಡು ದಿನದ ಬಿಡುವಿನಲ್ಲಿ ಗೆಳೆಯರೊಡನೆ ನಿಡೋಣಿಯಿಂದ ಮಹಾಬಳೇಶ್ವರಕ್ಕೆ ಹೊರಟಿದ್ದೀರೆಂದುಕೊಳ್ಳೋಣ. ತಂಪು ಗಾಳಿ, ಸ್ಟ್ರಾಬೆರಿ ಹಣ್ಣು ನಿಮ್ಮನ್ನು ಸೆಳೆಯುವುದು ಸಹಜವೇ. ಬಬಲೇಶ್ವರ ಭಾಗದ ಹೊಲಗಳಿಗೆ ಏತ ನೀರಾವರಿಯಿಂದ ಹರಿದುಬರುವ ಕೃಷ್ಣೆಯ ಉಗಮವೂ ಅಲ್ಲಿಯೇ.

ಅಲ್ಲಿಂದ ಸುಮಾರು 20 ಕಿ.ಮೀ. ಸಾಗಿದರೆ ಪ್ರತಾಪಗಡ. ಆ ಕೋಟೆಯ ಬುಡದಲ್ಲಿ 1659ರ ನವೆಂಬರ್ 10ರಂದು ಶಿವಾಜಿಯ ಕೈಯಲ್ಲಿ ಹತನಾದ ಅಫಜಲಖಾನನು ದಂಡೆತ್ತಿ ಹೊರಟದ್ದು ನಮ್ಮ ವಿಜಯಪುರದಿಂದ. ಆತನನ್ನು ಮಣ್ಣು ಮಾಡಿದ್ದೂ ಆ ಬೆಟ್ಟದಲ್ಲೇ. ವಿಜಯಪುರದ ಹೊರವಲಯದಲ್ಲಿ ತನಗಾಗಿ ಮೊದಲೇ ಕಟ್ಟಿಸಿಕೊಂಡಿದ್ದ ಸಮಾಧಿಭವನವು ಅವನಿಗೆ ದಕ್ಕಲಿಲ್ಲ.

ಆದುದರಿಂದ ಬೆಟ್ಟ ಏರುವ ಮುನ್ನ ವಿಜಯಪುರದ ಸಾಠ್ ಕಬರನ್ನು ನೋಡಿ ಹೋಗಿರಿ. ಸಾಠ್ ಎಂದರೆ ಅರವತ್ತು. ಒಂದೇ ಕಟ್ಟೆಯ ಮೇಲೆ, ಒಂದೇ ಬಗೆಯ ಕರಿಕಲ್ಲಿನಲ್ಲಿ, ಸಾಲುಸಾಲಾಗಿ ಹೆಂಗಸರ ಗೋರಿಗಳು. ದಂಡಯಾತ್ರೆಯಿಂದ ಮರಳಲಾರೆಯೆಂಬ ಜೋಯಿಸರ ಮಾತು ನಂಬಿ, ತನ್ನ ಬಳಿಕ ಅವರು ಪರರ ಪಾಲಾಗದಿರಲೆಂದು ಖಾನನು ತನ್ನ ಪತ್ನಿಯರನ್ನು ಬಾವಿಗೆ ನೂಕಿ ಕೊಲ್ಲಿಸಿದನೆಂದು ಜನ ಹೇಳುತ್ತಾರೆ. ಇದು ಐತಿಹ್ಯವೇ ಹೊರತು ದಾಖಲೆಯಲ್ಲ, ನಿಜ. ಆದರೆ ಖಾನನ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಆ ಹೆಂಗಸರಲ್ಲಿ ಒಬ್ಬಳ ಹೆಸರನ್ನೂ ಆ ಕಥೆ ನಮಗೆ ತಲುಪಿಸಿಲ್ಲ. ಎಷ್ಟೋ ಸಮಾಧಿಗಳ ಬಳಿ ನಿಂತು ಅಭ್ಯಾಸವಿರುವ ನನಗೂ ಅಲ್ಲಿ ಮಾತು ಹೊರಡಲಿಲ್ಲ.